ಮೂರು ಬಣ್ಣದಲ್ಲಿ ಒಂದು ಹುಲಿ

ಅಮೆರಿಕದ ಹಳೆಯ ಮಕ್ಕಳ ಪುಸ್ತಕ ಕೈಗೆ ಸಿಕ್ಕರೆ ಹೆಚ್ಚಿನವರ ಕಣ್ಣು ಮುಖಪುಟದ ಹೊಂಬಣ್ಣದ ಮುದ್ರೆಯ ಮೇಲೆ, ಅಂದರೆ ವರ್ಷದ ಅತ್ಯುತ್ತಮ ಚಿತ್ರಪುಸ್ತಕಕ್ಕೆ ಅಲ್ಲಿ ಕೊಡುವ ಕಾಲ್ಡೆಕಾಟ್ ಪದಕದ ಗುರುತಿನ ಮೇಲೆ, ಬೀಳುತ್ತದೆ. ನಾನು ಒಳಗೆ ಎಷ್ಟು ಬಣ್ಣಗಳಿವೆ ಎಂದು ಎಣಿಸುತ್ತೇನೆ. ಲಿನೋ ಎಂಬ ಮೆದು ಹಾಸನ್ನು ಕೆತ್ತಿ, ಶಾಯಿ ಹಚ್ಚಿ ಅಚ್ಚೊತ್ತಿ ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡುವ ನನ್ನಂಥವರಿಗೆ ಆ ಕಾಲದ ಪುಸ್ತಕಗಳೇ ಪಾಠಶಾಲೆ. 1942ರಲ್ಲಿ ಪದಕ ಪಡೆದ ರಾಬರ್ಟ್ ಮೆಕ್‌ಕ್ಲಾಸ್ಕಿಯ ‘ಮೇಕ್ ವೇ ಫಾರ್ ಡಕ್ಲಿಂಗ್ಸ್’ ಇಡೀ ಪುಸ್ತಕ ಒಂದೇ ಕಂದು ಬಣ್ಣದಲ್ಲಿದೆ. ಬಾಸ್ಟನ್ನಿನ ರಸ್ತೆ, ದಾರಿ ಬಿಡಿಸುವ ಪೊಲೀಸ, ಸಾಲುಗಟ್ಟಿದ ಎಂಟು ಬಾತುಮರಿ, ಎಲ್ಲವೂ ಅದರಲ್ಲೇ. ಪೂರ್ಣ ವರ್ಣಮುದ್ರಣ ಆಗ ದುಬಾರಿ. ಹಾಗಾಗಿ ಎಷ್ಟೋ ಕಲಾವಿದರು ಒಂದೊಂದು ಬಣ್ಣಕ್ಕೂ ಬೇರೆ ಹಾಳೆಯಲ್ಲಿ, ಅದೂ ಕಪ್ಪಿನಲ್ಲೇ, ಚಿತ್ರ ಬರೆದು ಕೊಡುತ್ತಿದ್ದರು. ಒಂದರ ಮೇಲೊಂದು ಕೂತಾಗ ಏನಾದೀತು ಎಂಬ ಲೆಕ್ಕವೆಲ್ಲ ತಲೆಯಲ್ಲೇ ನಡೆಯಬೇಕಿತ್ತು.

ನನ್ನನ್ನು ಹಿಡಿದು ಕೂರಿಸಿದ್ದು 1962ರಲ್ಲಿ ಪದಕ ಪಡೆದ ಮಾರ್ಸಿಯಾ ಬ್ರೌನ್ ಅವರ ‘ಒನ್ಸ್ ಎ ಮೌಸ್’. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದ ಈಕೆ ಕಾಲ್ಡೆಕಾಟ್ ಪದಕವನ್ನು ಮೂರು ಸಲ ಗೆದ್ದ ಮೊದಲಿಗರು. ಕಥೆ ಹಿತೋಪದೇಶದ್ದು: ಋಷಿಯೊಬ್ಬ ಇಲಿಯನ್ನು ಬೆಳೆಸುತ್ತ ಹುಲಿಯಾಗಿಸಿ, ಅದು ಸೊಕ್ಕಿದಾಗ ಮತ್ತೆ ಇಲಿಯಾಗಿಸುತ್ತಾನೆ. ‘ಪುನರ್ಮೂಷಿಕೋ ಭವ’ ಎಂದು ಹಿರಿಯರಿಂದ ಹಂಗಿಸಿಕೊಂಡವರಿಗೆ ಅದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಚಿತ್ರಗಳೆಲ್ಲ ಮರದಲ್ಲಿ ಕೆತ್ತಿದ ಅಚ್ಚುಗಳು. ಮರದ ಎಳೆಗಳೇ ಅಲ್ಲಿ ಗಾಳಿಯಾಗಿ, ನೆಲವಾಗಿ ಹರಿಯುತ್ತವೆ.

ಅದೇ ಕಥೆಯನ್ನು ಕನ್ನಡದ ಮಕ್ಕಳಿಗೆ ನನ್ನ ಚಿತ್ರಗಳಲ್ಲಿ ಹೇಳಲು ಹೊರಟಾಗ ಹಳದಿ, ಕೆಂಪು, ಗಾಢ ಹಸಿರು, ಇಷ್ಟಕ್ಕೇ ನಿಲ್ಲಿಸಿದೆ. ಋಷಿ ಎಲ್ಲ ಪುಟಗಳಲ್ಲೂ ಒಂದೇ ಅಳತೆ. ಪ್ರಾಣಿ ಮಾತ್ರ ಬೆಳೆಯುತ್ತ ಹೋಗುತ್ತದೆ. ಹುಲಿಯ ಹೊತ್ತಿಗೆ ಎರಡು ಪುಟವೂ ಸಾಲದು. ಅದರ ಕಣ್ಣು ಹೊಲಿಗೆಯ ಸಂದಿಗೆ ಬೀಳದಂತೆ ಇಡೀ ತಲೆಯನ್ನು ಬಲಪುಟಕ್ಕೆ ತಂದೆ. ಆ ಜೋಡಿಪುಟದಲ್ಲಿ ಒಂದಕ್ಷರವೂ ಬೇಡವೆಂಬ ಧೈರ್ಯ ಬಂದದ್ದು ಮೌರಿಸ್ ಸೆಂಡಾಕ್ ಅವರಿಂದ. 1964ರಲ್ಲಿ ಪದಕ ಪಡೆದ ಅವರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ನಲ್ಲಿ ಚಿತ್ರ ಹಿಗ್ಗುತ್ತ ಹಿಗ್ಗುತ್ತ ಅಂಚಿನ ಬಿಳಿಯನ್ನೆಲ್ಲ ನುಂಗಿ, ಮೂರು ಜೋಡಿಪುಟಗಳ ಕಾಲ ಮಾತನ್ನೇ ಹೊರಗಟ್ಟುತ್ತದೆ.

ಕೆಲಸದ ಕ್ರಮ ಹೀಗೆ. ಮೂಲ ರೇಖಾಚಿತ್ರವನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ, ಮಗುಚಿ ಹಾಕಿ, ಒಂದೇ ಅಳತೆಯ ಮೂರು ಲಿನೋ ತುಂಡುಗಳಿಗೆ ಕಾರ್ಬನ್ನಿನಿಂದ ಇಳಿಸುತ್ತೇನೆ. ಹಲಗೆಯ ಒಂದು ಮೂಲೆಗೆ ಎರಡು ಮರದ ಪಟ್ಟಿ ಬಡಿದಿರುತ್ತೇನೆ. ಲಿನೋವೂ ಕಾಗದವೂ ಆ ಮೂಲೆಗೆ ಒತ್ತಿ ಕೂತರೆ ಬಣ್ಣ ಜರುಗುವುದಿಲ್ಲ. ಮೊದಲು ಹಳದಿ. ಅದು ಒಣಗಿದ ಮೇಲೆ ಕೆಂಪು, ಕೊನೆಗೆ ಹಸಿರು. ಶಾಯಿಗೆ ಪಾರದರ್ಶಕ ಮಾಧ್ಯಮ ಬೆರೆಸಿರುವುದರಿಂದ ಹಳದಿಯ ಮೇಲೆ ಕೆಂಪು ಬಿದ್ದಲ್ಲಿ ಕಿತ್ತಳೆ. ಅದರ ಮೇಲೆ ಹಸಿರು ಬಿದ್ದರೆ ಕಪ್ಪಿಗೆ ಹತ್ತಿರದ ಕಂದು. ಹುಲಿಯ ಮೈ, ಪಟ್ಟೆ ಎರಡೂ ಹಾಗೆ ಪುಕ್ಕಟೆಯಾಗಿ ಹುಟ್ಟಿದವು. ಕಾಗದದ ಬೆನ್ನನ್ನು ಚಮಚದಿಂದ ಉಜ್ಜುತ್ತೇನೆ, ಯಂತ್ರ ಇಲ್ಲ. ಮಳೆಗಾಲದಲ್ಲಿ ಮಾತ್ರ ಎಣ್ಣೆಶಾಯಿ ಒಣಗುವುದನ್ನು ಕಾಯುವುದೇ ಒಂದು ತಪಸ್ಸು.

ಲಿನೋದಲ್ಲಿ ಎಳೆಗಳಿರುವುದಿಲ್ಲ. ಕಾಡಿನ ಹಿನ್ನೆಲೆಗೆ ಸಾಮಾನು ತುಂಬಿ ಬಂದಿದ್ದ ಪೈನ್ ಪೆಟ್ಟಿಗೆಯ ಹಲಗೆಯನ್ನು ತಂತಿಯ ಬ್ರಷ್ಷಿನಿಂದ ಎಳೆಯ ಉದ್ದಕ್ಕೂ ತಿಕ್ಕಿದೆ. ಮೆದು ಭಾಗ ಸವೆದು ಗಟ್ಟಿ ಎಳೆ ಎದ್ದು ನಿಂತಿತು. ರೋಲರಿನಿಂದ ತೆಳ್ಳಗೆ ಹಸಿರು ಹಚ್ಚಿ ಒತ್ತಿದೆ. ಗಂಟಿದ್ದ ಕಡೆ ಎಳೆಗಳು ಸುಳಿಯಾಗಿ ಬಂದವು. ಇಲಿಯನ್ನು ಹೊಂಚುವ ಕಾಗೆಯನ್ನು ಆ ಸುಳಿಯ ಮೇಲೇ ಕೂರಿಸಿದೆ. ಕಂಪ್ಯೂಟರಿನಲ್ಲಿ ಮರದ ಎಳೆ ಹಾಕಿಕೊಳ್ಳುವವರ ಮೇಲೆ ನನಗೆ ಜಗಳವಿಲ್ಲ, ಆದರೆ ಅದರಲ್ಲಿ ಗಂಟು ಎಂದೂ ಕೆಲಸಕ್ಕೆ ಬರುವ ಜಾಗದಲ್ಲಿರುವುದಿಲ್ಲ.

ಅಕ್ಷರಗಳಲ್ಲಿ ಶೀರ್ಷಿಕೆಯಷ್ಟನ್ನೇ ಕೆತ್ತಿದೆ. ಸಣ್ಣ ಒತ್ತಕ್ಷರಗಳು ಲಿನೋದಲ್ಲಿ ಮುರಿದು ಉದುರುತ್ತವೆ; ಉಳಿದದ್ದನ್ನು ಮುದ್ರಣಾಲಯಕ್ಕೆ ಬಿಟ್ಟೆ. ಪುಸ್ತಕವನ್ನೂ ಅದೇ ಮೂರು ಶಾಯಿಯಲ್ಲಿ ಮುದ್ರಿಸಿ ಎಂದಾಗ ಅಲ್ಲಿನ ಹಿರಿಯರು ನಕ್ಕರು. “ಮೂರು ಶಾಯಿಗೆ ಯಂತ್ರ ತೊಳೆದು ಹೊಸದಾಗಿ ಬಣ್ಣ ಕಲಸಬೇಕು ಮೇಡಂ. ಯಂತ್ರದಲ್ಲಿ ಸದಾ ಇರುವ ನಾಲ್ಕು ಬಣ್ಣದ್ದೇ ಅಗ್ಗ” ಎಂದರು. ಅಂದು ಹಣ ಉಳಿಸಲು ಮಾಡುತ್ತಿದ್ದುದಕ್ಕೆ ಇಂದು ಹೆಚ್ಚು ಹಣ ತೆರಬೇಕು. ಕೊಟ್ಟೆ, ಪ್ರತಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿಕೊಂಡೆ.