ಬಟ್ಟೆ ಹಡಗೇರುವ ಮುನ್ನ

ಬಟ್ಟೆಯನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ತಲೆಕೆಡಿಸಿಕೊಳ್ಳುವುದು ನೀರಿನ ಬಗ್ಗೆ. ಸಮುದ್ರದ ನೀರಲ್ಲ, ಬಟ್ಟೆಯೊಳಗಿನ ನೀರು. ಮುಟ್ಟಿದರೆ ಗರಿಗರಿ ಎನಿಸುವ ಹತ್ತಿ ಬಟ್ಟೆಯಲ್ಲೂ ಒಣ ತೂಕದ ಸುಮಾರು ಶೇ. 8.5ರಷ್ಟು ತೇವ ಇರುತ್ತದೆ. ಉಣ್ಣೆಯಲ್ಲಿ ಹೆಚ್ಚುಕಡಿಮೆ ಅದರ ಎರಡು ಪಟ್ಟು, ಪಾಲಿಯೆಸ್ಟರ್‌ನಲ್ಲಿ ಶೇ. ಅರ್ಧವೂ ಇಲ್ಲ. ಸರಕು ಸಾಗಿಸುವ ದೊಡ್ಡ ಉಕ್ಕಿನ ಪೆಟ್ಟಿಗೆಯಾದ ಕಂಟೇನರ್‌ಗೆ ಹತ್ತು ಟನ್ ಹತ್ತಿ ಉಡುಪು ತುಂಬಿದರೆ ಅದರ ಜೊತೆಗೆ 700 ಕೆ.ಜಿ.ಗೂ ಹೆಚ್ಚು ನೀರನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ರಟ್ಟಿನ ಪೆಟ್ಟಿಗೆಯ ತೇವ, ಕಂಟೇನರ್‌ನ ಪ್ಲೈವುಡ್ ನೆಲದ ತೇವ ಬೇರೆ.

ಹಗಲು ಬಿಸಿಲಿಗೆ ಉಕ್ಕಿನ ಚಾವಣಿ ಕಾದಾಗ ಈ ತೇವ ಆವಿಯಾಗಿ ಮೇಲೇರುತ್ತದೆ. ರಾತ್ರಿ ಚಾವಣಿ ತಣ್ಣಗಾದಾಗ ಅಲ್ಲೇ ಹನಿಗಟ್ಟಿ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ನಮ್ಮ ಕಸುಬಿನವರು ಇದನ್ನು ಕಂಟೇನರ್ ಮಳೆ ಎನ್ನುತ್ತಾರೆ. ಸೆಖೆಯ ಪ್ರದೇಶದಲ್ಲಿ ತುಂಬಿದ ಸರಕು ಚಳಿಯ ಬಂದರಿಗೆ ಹೋಗುವಾಗ ಈ ಮಳೆ ಜೋರು. ಗಾಳಿಯ ಆರ್ದ್ರತೆ ಶೇ. 70 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯಲು ಶುರು. ವಾರಗಟ್ಟಲೆ ಮುಚ್ಚಿದ ಪೆಟ್ಟಿಗೆಯಲ್ಲಿ ಅದನ್ನು ತಡೆಯುವವರು ಯಾರೂ ಇರುವುದಿಲ್ಲ.

ಹಾಗಾಗಿ ನನ್ನ ಕೆಲಸ ಇಸ್ತ್ರಿ ಮೇಜಿನಿಂದಲೇ ಶುರುವಾಗುತ್ತದೆ. ಸ್ಟೀಮ್ ಇಸ್ತ್ರಿ ಮಾಡಿದ ಬಟ್ಟೆ ಬಿಸಿಯಾಗಿರುವಾಗಲೇ ಪಾಲಿಥಿನ್ ಚೀಲಕ್ಕೆ ಹಾಕಲು ನಾನು ಬಿಡುವುದಿಲ್ಲ. ಆರ್ದ್ರತೆ ಹತೋಟಿಯಲ್ಲಿರುವ ಕೋಣೆಯಲ್ಲಿ ಅದು ಕೆಲವು ಗಂಟೆ ಆರಬೇಕು. ಸಾಗಣೆಯ ದಿನ ಹತ್ತಿರ ಬಂದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಈ ಕೆಲವು ಗಂಟೆಗಳಿಗೇ. ಅಲ್ಲಿ ನಾನು ಜಗಳಕ್ಕೆ ನಿಲ್ಲುತ್ತೇನೆ. ರಟ್ಟಿನ ಪೆಟ್ಟಿಗೆಗಳನ್ನೂ ಮೀಟರ್‌ನಿಂದ ಅಳೆದು, ತೇವ ಶೇ. 12 ದಾಟಿದ್ದರೆ ಬದಿಗಿಡುತ್ತೇನೆ. ತೇವ ಕುಡಿದ ರಟ್ಟು ತನ್ನ ಬಲವನ್ನು ಅರ್ಧದಷ್ಟು ಕಳೆದುಕೊಳ್ಳಬಲ್ಲದು. ಆಗ ಕೆಳಸಾಲಿನ ಪೆಟ್ಟಿಗೆ ಕುಸಿದು ಮೇಲಿನದೆಲ್ಲ ವಾಲುತ್ತದೆ.

ಬಿಳಿ ಮತ್ತು ತಿಳಿ ಬಣ್ಣದ ಬಟ್ಟೆಗೆ ಇನ್ನೊಂದು ಗಂಡಾಂತರವಿದೆ. ಕೆಲವು ಪಾಲಿಥಿನ್ ಚೀಲಗಳಲ್ಲಿ ಬಿಎಚ್‌ಟಿ ಎಂಬ ರಾಸಾಯನಿಕ ಇರುತ್ತದೆ. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಅದು ಸೇರಿದರೆ, ಮಡಿಕೆಯ ಅಂಚುಗಳಲ್ಲಿ ಹಳದಿ ಬಣ್ಣ ಮೂಡುತ್ತದೆ. ಕಳಿಸುವಾಗ ಹಾಲಿನಂತಿದ್ದ ಅಂಗಿ ತಲುಪುವಾಗ ಹಳೆಯದರಂತೆ ಕಾಣುತ್ತದೆ. ಬಿಎಚ್‌ಟಿ ಇಲ್ಲದ ಚೀಲವನ್ನೇ ತರಿಸುತ್ತೇನೆ, ತುಂಬುವ ಜಾಗದಲ್ಲಿ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸಲು ಬಿಡುವುದಿಲ್ಲ. ಈ ಹಳದಿಯನ್ನು ಮೊದಲೇ ಅಂದಾಜು ಮಾಡಲು ಐಎಸ್‌ಒ 105-ಎಕ್ಸ್18 ಎಂಬ ಪರೀಕ್ಷೆ ಇದೆ. ಬಿಳಿ ಬಟ್ಟೆಯ ದೊಡ್ಡ ಆರ್ಡರ್ ಇದ್ದರೆ ಅದನ್ನು ಮಾಡಿಸದೆ ಮುಂದುವರಿಯುವುದಿಲ್ಲ.

ತೇವ ಹೀರುವ ಪೊಟ್ಟಣಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಬೂಷ್ಟು ತಡೆಯಲು ಒಂದು ಕಾಲದಲ್ಲಿ ಬಳಸುತ್ತಿದ್ದ ಡೈಮೀಥೈಲ್ ಫ್ಯೂಮರೇಟ್‌ನಿಂದ ಜನರ ಚರ್ಮ ಸುಟ್ಟಂತಾಗಿತ್ತು. ಅದಿರುವ ಸರಕನ್ನು ಯುರೋಪಿಯನ್ ಒಕ್ಕೂಟ 2009ರಲ್ಲಿ ನಿಷೇಧಿಸಿತು. ಪೊಟ್ಟಣದೊಳಗೆ ಏನಿದೆ ಎಂದು ಲಿಖಿತವಾಗಿ ಹೇಳದವರ ಹತ್ತಿರ ನಾನು ಕೊಳ್ಳುವುದಿಲ್ಲ. ಕಂಟೇನರ್‌ಗೆ ಕ್ಯಾಲ್ಸಿಯಂ ಕ್ಲೋರೈಡ್‌ನ ಉದ್ದ ಪಟ್ಟಿಗಳನ್ನು ಗೋಡೆಯ ತಗ್ಗುಗಳಲ್ಲಿ ತೂಗುಹಾಕುತ್ತೇವೆ. ಹೀರಿದ ನೀರನ್ನು ಜೆಲ್ ಆಗಿ ಹಿಡಿದಿಡುವ ಬಗೆಯವೇ ಆಗಬೇಕು, ಇಲ್ಲದಿದ್ದರೆ ಉಪ್ಪುನೀರೇ ಸೋರಿ ಬಟ್ಟೆಗೆ ಬೀಳುತ್ತದೆ. ಬಾಗಿಲು ಹಾಕುವ ಮುಂಚಿನ ಕ್ಷಣದವರೆಗೂ ಅವುಗಳ ಕವರ್ ಬಿಚ್ಚಬಾರದು.

ಖಾಲಿ ಕಂಟೇನರ್ ಬಂದ ಕೂಡಲೇ ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಳ್ಳುತ್ತೇನೆ, ಹೊರಗೆ ಒಬ್ಬರನ್ನು ಕಾವಲು ನಿಲ್ಲಿಸಿ. ಕತ್ತಲಲ್ಲಿ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿಂದ ನೀರೂ ಬರುತ್ತದೆ. ಹಾಗೇ ಮೂಗಿಗೂ ಕೆಲಸ ಕೊಡಬೇಕು. ಹಿಂದಿನ ಸರಕು ತೊಗಲೋ ರಾಸಾಯನಿಕವೋ ಆಗಿದ್ದರೆ ಆ ವಾಸನೆ ಬಟ್ಟೆಗೆ ಅಂಟಿಕೊಂಡು ಮತ್ತೆ ಹೋಗುವುದೇ ಇಲ್ಲ. ತೊಳೆದು ನೆಲ ಇನ್ನೂ ಹಸಿಯಿರುವ ಕಂಟೇನರನ್ನು ವಾಪಸ್ ಕಳಿಸುತ್ತೇನೆ.

ಪೆಟ್ಟಿಗೆಯ ಅಳತೆಗೆ ಇಷ್ಟೇಕೆ ಗಮನ ಎಂದು ಹೊಸಬರು ಕೇಳುತ್ತಾರೆ. ಕಂಟೇನರ್‌ನ ಒಳಅಗಲ ಸುಮಾರು 235 ಸೆಂ.ಮೀ. 60 ಸೆಂ.ಮೀ. ಉದ್ದದ ಪೆಟ್ಟಿಗೆ ಅಡ್ಡಕ್ಕೆ ನಾಲ್ಕು ಹಿಡಿಯುವುದಿಲ್ಲ. 58 ಆದರೆ ನಾಲ್ಕು ಕೂತು ಮೂರು ಸೆಂ.ಮೀ. ಉಳಿಯುತ್ತದೆ. ಅಗಲ 38 ಇಟ್ಟರೆ ತಿರುಗಿಸಿ ಆರು ಜೋಡಿಸಬಹುದು. ಜಾಗ ಉಳಿಯುವುದು ಒಂದು ಲಾಭ, ಆದರೆ ಸಾಲುಗಳ ನಡುವೆ ಸಂದು ಇಲ್ಲದಿರುವುದು ದೊಡ್ಡ ಲಾಭ. ಹಡಗು ಹೊರಳಾಡುವಾಗ ಪೆಟ್ಟಿಗೆ ಜರುಗುವುದು ಆ ಸಂದಿನಲ್ಲೇ. ಬಟ್ಟೆ ತುಂಬಿದಾಗ ಪೆಟ್ಟಿಗೆ ಉಬ್ಬುವುದರಿಂದ ಅಳತೆಯನ್ನು ತುಂಬಿದ ಮೇಲೆಯೇ ತೆಗೆಯಬೇಕು. ಚಾವಣಿಯವರೆಗೆ ಒತ್ತುವುದಿಲ್ಲ. ಮೇಲೊಂದು ಗೇಣು ಬಿಟ್ಟು ಕ್ರಾಫ್ಟ್ ಕಾಗದ ಹೊದಿಸುತ್ತೇನೆ. ಥಾನುಗಳಾದರೆ ಮಲಗಿಸಿಯೇ ಜೋಡಿಸಬೇಕು. ಮಖಮಲ್ಲಿನಂಥ ನವಿರು ಬಟ್ಟೆಗೆ ಮೇಲಿನ ಭಾರ ಬಿದ್ದರೆ ಒತ್ತಿದ ಗುರುತು ಹೋಗುವುದಿಲ್ಲ.

ಇಡೀ ಕಂಟೇನರ್ ತುಂಬುವಷ್ಟು ಸರಕಿಲ್ಲದವರು ಇತರರ ಸರಕಿನ ಜೊತೆ ಹಂಚಿಕೊಂಡು ಕಳಿಸಬಹುದು. ಅಲ್ಲಿ ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಉಡುಪು ಹಗುರ, ಹಾಗಾಗಿ ಗಾತ್ರದ ಮೇಲೆಯೇ ಲೆಕ್ಕ ಬೀಳುತ್ತದೆ. ಪಕ್ಕದ ಸರಕು ಏನಿರುತ್ತದೋ ನಮ್ಮ ಕೈಲಿಲ್ಲ. ಹಾಗೆ ಕಳಿಸುವಾಗ ಪ್ರತಿ ಪೆಟ್ಟಿಗೆಯ ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಿಸುತ್ತೇನೆ.

ಕಾಗದಪತ್ರದಲ್ಲಿ ನಾನು ಎರಡೆರಡು ಸಲ ನೋಡುವುದು ಸರಕಿನ ವಿವರಣೆಯನ್ನು. ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸಲು ಬಳಸುವ ಎಚ್‌ಎಸ್ ಪಟ್ಟಿಯಲ್ಲಿ ಹೆಣೆದ ಉಡುಪು 61ನೇ ಅಧ್ಯಾಯ, ನೇಯ್ದದ್ದು 62, ಹಾಸು ಹೊದಿಕೆಗಳು 63. ಮಿಶ್ರ ನೂಲಾದರೆ ತೂಕದಲ್ಲಿ ಹೆಚ್ಚಿರುವ ನಾರಿನ ಲೆಕ್ಕಕ್ಕೆ ಹೋಗುತ್ತದೆ. ಶೇ. 55 ಹತ್ತಿ ಎಂದು ಇನ್‌ವಾಯ್ಸ್‌ನಲ್ಲಿ ಬರೆದು, ಕತ್ತಿನ ಲೇಬಲ್‌ನಲ್ಲಿ ಬೇರೆ ಇದ್ದರೆ ಕಸ್ಟಮ್ಸ್‌ನಲ್ಲಿ ಸರಕು ನಿಲ್ಲುವುದು ಖಂಡಿತ. ತುಂಬಿದ ಕಂಟೇನರ್‌ನ ದೃಢೀಕರಿಸಿದ ತೂಕ ಕೊಡುವುದು 2016ರ ಜುಲೈನಿಂದ ಕಡ್ಡಾಯ. ಪೆಟ್ಟಿಗೆಗಳ ಅಡಿಗೆ ಇಡುವ ಹಲಗೆ, ಅಂದರೆ ಪ್ಯಾಲೆಟ್, ಮರದ್ದಾದರೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಮುದ್ರೆ ಅಥವಾ ಒಪ್ಪಿತ ಬೇರೆ ಉಪಚಾರದ ಮುದ್ರೆ ಇರಬೇಕು.

ವಿಮೆಯ ಮಾತಿಗೆ ಬಂದರೆ ಮತ್ತೆ ನೀರಿಗೇ ಬರಬೇಕು. ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಮಾರುವವರೇ ನೋಡಿಕೊಳ್ಳುವ ಸಿಐಎಫ್ ಒಪ್ಪಂದದಲ್ಲಿ ಅವರು ಕೊಡಬೇಕಾದ ಕನಿಷ್ಠ ರಕ್ಷಣೆ, ಸರಕು ವಿಮೆಯ ಷರತ್ತುಗಳಲ್ಲಿ ಕ್ಲಾಜ್ ಸಿ ಎನ್ನುವುದು ಮಾತ್ರ. ಅದರಲ್ಲಿ ಕಳವೂ ಇಲ್ಲ, ನೀರು ನುಗ್ಗಿದ್ದೂ ಇಲ್ಲ. ನಾನು ಹೆಚ್ಚು ವಿಸ್ತಾರದ ಕ್ಲಾಜ್ ಎ ತೆಗೆದುಕೊಳ್ಳುತ್ತೇನೆ. ಅದೂ ಸರಕಿನ ಸ್ವಂತ ಗುಣದಿಂದ ಆದ ಕೇಡನ್ನು ಹೊರಗಿಡುತ್ತದೆ, ಒಳಗಿನ ತೇವಕ್ಕೆ ಹಿಡಿದ ಬೂಷ್ಟನ್ನು ಆ ಲೆಕ್ಕಕ್ಕೆ ಸೇರಿಸಿಬಿಡಬಹುದು. ಆದ್ದರಿಂದ ತುಂಬುವ ದಿನದ ಮೀಟರ್ ಓದುಗಳು, ಖಾಲಿ ಕಂಟೇನರ್‌ನ ಫೋಟೊ, ಸೀಲ್ ನಂಬರ್ ಎಲ್ಲವನ್ನೂ ತಾರೀಖು ಸಮೇತ ಇಟ್ಟುಕೊಳ್ಳುತ್ತೇನೆ. 2021ರ ಮಾರ್ಚ್‌ನಲ್ಲಿ ಸುಯೆಜ್ ಕಾಲುವೆಯಲ್ಲಿ ಆರು ದಿನ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನಲ್ಲಿ ಸರಕಿದ್ದವರು, ಹಡಗನ್ನು ಬಿಡಿಸಿದ ಖರ್ಚಿನ ಪಾಲಿಗೂ ಭದ್ರತೆ, ಅಂದರೆ ಹಣದ ಖಾತರಿ, ಕೊಡಬೇಕಾಯಿತು. ಅಂಥ ಹೊತ್ತಿನಲ್ಲಿ ವಿಮೆ ಇದ್ದರೆ ಆ ಭದ್ರತೆಯನ್ನು ವಿಮೆಯವರೇ ನೋಡಿಕೊಳ್ಳುತ್ತಾರೆ.

ತಲುಪಿದ ಕಡೆಯವರಿಗೆ ನಾನು ಕಳಿಸುವ ಸೂಚನೆ ಚಿಕ್ಕದು. ಸೀಲ್ ಮುರಿಯುವ ಮುನ್ನ ಫೋಟೊ, ಬಾಗಿಲು ತೆರೆದ ಕೂಡಲೇ ಚಾವಣಿಯ ಫೋಟೊ, ಬಳಿಕ ಮೇಲಿನ ಸಾಲಿನಿಂದಲೂ ಬಾಗಿಲ ಬಳಿಯಿಂದಲೂ ಒಂದೊಂದು ಪೆಟ್ಟಿಗೆ ಬಿಚ್ಚಿ ನೋಡಬೇಕು. ಹೊರಗೆ ಕಾಣುವ ಹಾನಿಯನ್ನು ಸರಕು ಪಡೆಯುವಾಗಲೇ ಬರೆದು ಕೊಡಬೇಕು. ಒಳಗೆ ಅಡಗಿರುವ ಹಾನಿಗೆ ಸಮುದ್ರ ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳಾದ ಹೇಗ್-ವಿಸ್ಬಿ ನಿಯಮಗಳ ಪ್ರಕಾರ ಮೂರು ದಿನದೊಳಗೆ ಹಡಗು ಕಂಪನಿಗೆ ಲಿಖಿತ ಸೂಚನೆ ಹೋಗಬೇಕು.