ಚಕ್ಕುಬಂದಿ ಓದದೆ ಸಹಿ ಹಾಕಿದ ವರದಿ

ಮೂವತ್ತು ನಲವತ್ತರ ಸೈಟು. ಮೂಲೆಯದು, ಎರಡು ಕಡೆ ರಸ್ತೆ, ಪಕ್ಕದಲ್ಲೊಂದು ಬೇವಿನ ಮರ. ಸಾಲ ಕೇಳಿದವರೇ ಬೈಕಿನಲ್ಲಿ ಮುಂದೆ ಹೋಗಿ ತೋರಿಸಿದರು. ನನ್ನ ಕಚೇರಿಯ ಹುಡುಗ ಟೇಪು ಹಿಡಿದು, ನಾಲ್ಕು ಫೋಟೊ ತೆಗೆದುಕೊಂಡು ಬಂದ. ನಾನು ಕೂತಲ್ಲೇ ಚದರಡಿಗೆ ದರ ಹಾಕಿ, ಸಹಿ ಮಾಡಿ, ಮೊಹರು ಒತ್ತಿ ಬ್ಯಾಂಕಿಗೆ ಕಳಿಸಿದೆ. ಫೀ 2,500 ರೂಪಾಯಿ. ಇದು 2014ರ ಮಾತು; ದಾವಣಗೆರೆಯಲ್ಲಿ ನಾನು ವ್ಯಾಲ್ಯುಯೇಶನ್, ಅಂದರೆ ಆಸ್ತಿಗೆ ಬೆಲೆ ಕಟ್ಟುವ ಕೆಲಸ, ಶುರು ಮಾಡಿ ಎರಡು ವರ್ಷ ಆಗಿತ್ತು.

2016ರಲ್ಲಿ ಆ ಸಾಲ ಕಂತು ನಿಂತು ಎನ್‌ಪಿಎ (ವಸೂಲಾಗದ ಸಾಲ) ಆಯಿತು. ಅಡಮಾನದ ಆಸ್ತಿ ಮಾರಿ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುವ ಮುಂಚೆ ಮತ್ತೆ ವ್ಯಾಲ್ಯುಯೇಶನ್ ಮಾಡಿಸಲೇಬೇಕು, ಹರಾಜಿನ ಕನಿಷ್ಠ ದರವಾದ ಮೀಸಲು ಬೆಲೆ ನಿಲ್ಲುವುದು ಅದರ ಮೇಲೆ. ಹಾಗೆ ಹೋದ ಇನ್ನೊಬ್ಬ ವ್ಯಾಲ್ಯುಯರ್ ಕ್ರಯಪತ್ರ ಬಿಡಿಸಿ ನೋಡಿದರು. ಅಡಮಾನ ಆಗಿದ್ದ ಸೈಟು ಹಿಂದಿನ ಸಾಲಿನದು, ಹಳ್ಳಕ್ಕೆ ಬೆನ್ನು ಕೊಟ್ಟು ನಿಂತಿದ್ದು. ಬೇವಿನ ಮರದ ಸೈಟು ಯಾರದೋ.

ಇದು ಗೊತ್ತಾಗಲು ದೊಡ್ಡ ತನಿಖೆಯೇನೂ ಬೇಕಿರಲಿಲ್ಲ. ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ರಸ್ತೆ ಇದ್ದದ್ದು ಪಶ್ಚಿಮಕ್ಕೆ ಮಾತ್ರ. ಪೂರ್ವಕ್ಕೆ ಹಳ್ಳ, ಉಳಿದ ಎರಡು ದಿಕ್ಕಿಗೂ ಬೇರೆ ಸೈಟುಗಳ ನಂಬರು. ಮೂಲೆ ಸೈಟಾಗಿದ್ದರೆ ಎರಡು ಕಡೆ ರಸ್ತೆ ಬರಬೇಕಿತ್ತಲ್ಲ! ಆ ಪತ್ರದ ನಕಲು ನನ್ನ ಫೈಲಿನಲ್ಲೇ ಇತ್ತು. ನಾಲ್ಕು ಸಾಲು ಓದಿರಲಿಲ್ಲ, ಅಷ್ಟೇ.

ಬ್ಯಾಂಕಿನಿಂದ ವಿವರಣೆ ಕೇಳಿ ನೋಟಿಸು ಬಂತು. ಗಾಬರಿಯಲ್ಲಿ ವಕೀಲರ ಹತ್ತಿರ ಓಡಿದೆ. ಅವರು ವರದಿಯ ಬೆಲೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಬೆರಳಿಟ್ಟದ್ದು ಒಂದೇ ವಾಕ್ಯದ ಮೇಲೆ: ‘ನಾನು ಖುದ್ದಾಗಿ ಸ್ಥಳ ಪರಿಶೀಲಿಸಿದ್ದೇನೆ.’ "ಬೆಲೆ ಹೆಚ್ಚುಕಮ್ಮಿ ಆದರೆ ಅಭಿಪ್ರಾಯಭೇದ ಅಂತ ವಾದ ಮಾಡಬಹುದು. ಇದಕ್ಕೆ ಏನು ವಾದ ಮಾಡಲಿ?" ಅಂದರು. ಬ್ಯಾಂಕಿನ ಪ್ಯಾನೆಲ್‌ನಲ್ಲಿದ್ದ (ಬ್ಯಾಂಕು ಕೆಲಸ ಕೊಡುವವರ ಪಟ್ಟಿಯಲ್ಲಿದ್ದ) ವಕೀಲರೊಬ್ಬರ ಪ್ರಕರಣದಲ್ಲಿ, ಬರೀ ಅಜಾಗರೂಕತೆ ಇದ್ದು ಒಳಸಂಚಿನ ಸಾಕ್ಷ್ಯ ಇಲ್ಲದಿದ್ದರೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಅದೇ ತರ್ಕ ನಮಗೂ ಹೊಂದೀತು ಎಂದು ಧೈರ್ಯ ಕೊಟ್ಟರು. ಆದರೆ ಜೈಲು ತಪ್ಪಿತು ಅಂದರೆ ಹೊಣೆ ತಪ್ಪಿತು ಅಂತಲ್ಲ. ವಂಚನೆಗೆ ಕೈಜೋಡಿಸಿದ ವ್ಯಾಲ್ಯುಯರುಗಳ ಹೆಸರು ಭಾರತೀಯ ಬ್ಯಾಂಕುಗಳ ಸಂಘದ ಎಚ್ಚರಿಕೆ ಪಟ್ಟಿಗೆ ಹೋಗುತ್ತದೆ. ಅಲ್ಲಿಗೆ ಹೋದರೆ ಎಲ್ಲ ಬ್ಯಾಂಕಿನ ಬಾಗಿಲೂ ಮುಚ್ಚಿದ ಹಾಗೆ. ನಾನು ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ಒಂದು ವರ್ಷ ಪ್ಯಾನೆಲ್‌ನಿಂದ ಹೊರಗಿಟ್ಟರು. ಅಗ್ಗಕ್ಕೆ ಪಾರಾದೆ ಅಂತಲೇ ಹೇಳಬೇಕು.

ಆ ವರ್ಷ ಕೂತು ಕಾನೂನು ಓದಿದೆ. ನಮ್ಮ ವೃತ್ತಿಗೆ ಒಂದೇ ಸೂರು ಇಲ್ಲ. ಬ್ಯಾಂಕಿನವರು ಕೇಳುವುದು ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಕಲಮಿನ ನೋಂದಣಿ. ಆ ತೆರಿಗೆಯನ್ನೇ 2015ರ ಹಣಕಾಸು ಕಾಯ್ದೆ ತೆಗೆದುಹಾಕಿತು, ನೋಂದಣಿ ಮಾತ್ರ ಉಳಿಯಿತು. ತಮಾಷೆಯೆಂದರೆ ಆ ನಿಯಮಗಳಲ್ಲಿ ಫೀ ನಿಗದಿ ಮಾಡಿದ್ದು ಆಸ್ತಿಯ ಮೌಲ್ಯದ ಇಂತಿಷ್ಟು ಭಾಗ ಎಂದು. ಬೆಲೆ ಏರಿಸಿದಷ್ಟೂ ಫೀ ಏರುತ್ತದೆ! ಕಂಪನಿ ಕಾಯ್ದೆ ಮತ್ತು ದಿವಾಳಿ ಸಂಹಿತೆಯಡಿಯ ಕೆಲಸಕ್ಕೆ ದಾರಿಯೇ ಬೇರೆ. ಕಂಪನಿ ಕಾಯ್ದೆಯ 247ನೇ ಕಲಮು, ಅದರಡಿ 2017ರಲ್ಲಿ ಬಂದ ನಿಯಮಗಳು, ನೋಂದಣಿ ಕೊಡಲು ಮೇಲೆ ದಿವಾಳಿ ಮಂಡಳಿ. ಮಾನ್ಯತೆ ಇರುವ ವ್ಯಾಲ್ಯುಯರುಗಳ ಸಂಸ್ಥೆಯೊಂದರ ಸದಸ್ಯನಾಗಿ 50 ಗಂಟೆಯ ಕೋರ್ಸು ಮುಗಿಸಿ, ಪರೀಕ್ಷೆಯಲ್ಲಿ 60 ಪ್ರತಿಶತ ತೆಗೆಯಬೇಕು. ನಲವತ್ತರ ಹತ್ತಿರ ಬಂದವನಿಗೆ ಪರೀಕ್ಷೆ ಅಂದರೆ ಕಷ್ಟವೇ. ಕಟ್ಟಡದ ಪ್ರಶ್ನೆಗಳಲ್ಲಿ ಗೆದ್ದೆ, ಕಾನೂನಿನ ಪ್ರಶ್ನೆಗಳಲ್ಲಿ ಮುಗ್ಗರಿಸಿದೆ. ಎರಡನೇ ಸಲ ಪಾಸಾಯಿತು.

ಓದುವಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ಸಾಲು. ವರದಿಯ ಕೊನೆಗೆ ‘ಇದಕ್ಕೆ ನಾವು ಹೊಣೆಯಲ್ಲ, ಅದಕ್ಕೆ ನಾವು ಹೊಣೆಯಲ್ಲ’ ಅಂತ ಒಂದು ಪುಟ ತುಂಬಿಸುವುದು ನಮ್ಮವರ ರೂಢಿ. 2017ರ ನಿಯಮ ಹೇಳುತ್ತದೆ: ನಿನಗೆ ಎದುರಾದ ಮಿತಿಗಳನ್ನು ವಿವರಿಸಲು ಷರಾ ಬರಿ, ಹೊಣೆ ಜಾರಿಸಿಕೊಳ್ಳಲು ಬರೆಯಬೇಡ. ನನ್ನ ಹಳೆಯ ನಮೂನೆಯ ಆ ಇಡೀ ಪುಟವನ್ನು ಅಳಿಸಿದೆ. ಈಗ ಬರೆಯುವುದು ‘ಹಿಂಬದಿ ಕೋಣೆಗೆ ಬೀಗ ಇತ್ತು, ಒಳಗೆ ನೋಡಲಾಗಲಿಲ್ಲ’ ಎಂಬಂಥ ಸಾಲುಗಳನ್ನು.

ನನ್ನ ಕೆಲಸದ ಕ್ರಮ ಈಗ ಹೀಗಿದೆ. ಪಾರ್ಟಿ ಮುಂದೆ ಹೋಗಿ ತೋರಿಸುವುದಕ್ಕೆ ಬಿಡುವುದಿಲ್ಲ. ಲೇಔಟ್ ನಕ್ಷೆ ಇಟ್ಟುಕೊಂಡು ನಾನೇ ಸೈಟು ಹುಡುಕುತ್ತೇನೆ, ಆಮೇಲೆ ಅವರಿಗೆ ಫೋನು. ಜಮೀನಾದರೆ ಪಹಣಿ, ಸರ್ವೆ ಸ್ಕೆಚ್ಚು, ಮೊಬೈಲಿನಲ್ಲಿ ದಿಶಾಂಕ್ ಆ್ಯಪ್. ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಅಂತ ಅದು ತೋರಿಸುತ್ತದೆ, ಆದರೆ ಬಾಂದು ಕಲ್ಲಿಗೆ ಅದು ಬದಲಿಯಲ್ಲ. ಪಹಣಿಯಲ್ಲಿ ಬಿ ಖರಾಬು ಎಷ್ಟು ಗುಂಟೆ ಅಂತ ಮೊದಲು ನೋಡುತ್ತೇನೆ. ಎರಡು ಎಕರೆಯಲ್ಲಿ ಆರು ಗುಂಟೆ ಬಿ ಖರಾಬಿದ್ದರೆ ಅದು ಸಾರ್ವಜನಿಕ ಜಾಗ, ಅದಕ್ಕೆ ಬೆಲೆ ಕಟ್ಟುವಂತಿಲ್ಲ. ನಾಲ್ಕೂ ದಿಕ್ಕಿನ ಚಕ್ಕುಬಂದಿಯನ್ನು ಪತ್ರದಲ್ಲಿರುವಂತೆ ಒಂದು ಕಡೆ, ಕಣ್ಣಿಗೆ ಕಂಡಂತೆ ಇನ್ನೊಂದು ಕಡೆ ಬರೆಯುತ್ತೇನೆ. ಎರಡೂ ತಾಳೆಯಾಗದಿದ್ದರೆ ವರದಿ ಅಲ್ಲಿಗೇ ನಿಲ್ಲುತ್ತದೆ.

ದರದ ವಿಷಯ ಇನ್ನೂ ಗೋಜಲು. ಮಾರ್ಗಸೂಚಿ ಬೆಲೆ ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಇಟ್ಟ ಲೆಕ್ಕ, ಮಾರುಕಟ್ಟೆ ಬೆಲೆಯಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಅದನ್ನು ಏರಿಸಿದರು, ಆದರೂ ಅಂತರ ಹೋಗಿಲ್ಲ. ಎಷ್ಟೋ ಜನ ನೋಂದಣಿಯಲ್ಲಿ ತೋರಿಸುವುದು ಆ ದರವನ್ನೇ, ಉಳಿದದ್ದು ಕೈಯಿಂದ ಕೈಗೆ. ಹಾಗಾಗಿ ಉಪನೋಂದಣಿ ಕಚೇರಿಯ ಪತ್ರ ಒಂದನ್ನೇ ನಂಬಿ ಹೋಲಿಕೆ ಮಾಡಿದರೆ ಬೆಲೆ ಕೆಳಗೆ ಬೀಳುತ್ತದೆ. ದಲ್ಲಾಳಿ ಮಾತು ನಂಬಿದರೆ ಆಕಾಶಕ್ಕೇರುತ್ತದೆ. ಇತ್ತೀಚೆಗೆ ಕೊಂಡವರೊಬ್ಬರು, ಮಾರಲಾಗದೆ ಇಟ್ಟುಕೊಂಡವರೊಬ್ಬರು, ದಲ್ಲಾಳಿ ಒಬ್ಬ, ಈ ಮೂವರನ್ನೂ ಕೇಳುತ್ತೇನೆ. ಯಾವ ದಿನ, ಏನಂದರು ಎಂಬುದು ನೋಟ್‌ಬುಕ್ಕಿಗೆ ಹೋಗುತ್ತದೆ. ಕಡತವನ್ನು ಮೂರು ವರ್ಷ ಇಟ್ಟಿರಬೇಕೆಂದು ನಿಯಮ. ನಾನು ಒಂದನ್ನೂ ಎಸೆದಿಲ್ಲ, ಮನೆಯ ಅಟ್ಟ ತುಂಬಿದೆ.

"ಸರ್, ಇಷ್ಟು ಬರಬೇಕಿತ್ತಲ್ಲ" ಅನ್ನುವ ಫೋನು ವಾರಕ್ಕೊಂದಾದರೂ ಇರುತ್ತದೆ. ಸಾಲಕ್ಕೆ ಬಂದವರಿಗೆ ಹೆಚ್ಚು ಬೇಕು, ಪಾಲು ಕೊಡುವ ಅಣ್ಣನಿಗೆ ಕಡಿಮೆ ಬೇಕು. ಹಳೆಯ ಆಸ್ತಿ ಮಾರಿ ಬಂಡವಾಳ ಲಾಭದ ತೆರಿಗೆ ಲೆಕ್ಕಕ್ಕೆ ಬರುವವರಿಗೆ 2001ರ ಏಪ್ರಿಲ್ 1ರಂದು ಇದ್ದ ಬೆಲೆ ಆದಷ್ಟು ಮೇಲಿರಬೇಕು; ಅದು ಏರಿದಷ್ಟೂ ಲಾಭ ಕಡಿಮೆ ಕಾಣುತ್ತದೆ. 2020ರ ಹಣಕಾಸು ಕಾಯ್ದೆ ಬಂದ ಮೇಲೆ ಅದಕ್ಕೆ ಲಗಾಮು ಬಿತ್ತು. ಅಂದಿನ ಮುದ್ರಾಂಕ ಮೌಲ್ಯ ಸಿಗುವಲ್ಲಿ ಅದನ್ನು ಮೀರುವಂತಿಲ್ಲ. ಈಗ ಹಳೆಯ ಮಾರ್ಗಸೂಚಿ ಪಟ್ಟಿಯನ್ನೇ ಅವರ ಮುಂದಿಡುತ್ತೇನೆ, ಜಗಳ ಅರ್ಧಕ್ಕರ್ಧ ಕಡಿಮೆ.

ಹೋದ ತಿಂಗಳು ಕಂಪನಿಯೊಂದರ ಕೆಲಸ ಬಂತು. ಲೇಔಟಿನಲ್ಲಿ ಮಾರಾಟವಾಗದೆ ಉಳಿದ ಸೈಟುಗಳಿಗೆ ಮೌಲ್ಯ ಹೇಳಬೇಕು, ಫೀ 60 ಸಾವಿರ. ಕಾಗದಗಳನ್ನು ತಿರುವುವಾಗ ಲೇಔಟಿನ ಹೆಸರು ಎಲ್ಲೋ ನೋಡಿದ ಹಾಗಿತ್ತು. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಹೆಸರಿಗೆ ಸೈಟು ತೆಗೆದುಕೊಂಡದ್ದು ಅಲ್ಲೇ. ನೇಮಕಕ್ಕೆ ಮುಂಚಿನ ಮೂರು ವರ್ಷ, ವರದಿ ಕೊಟ್ಟ ಮೇಲಿನ ಮೂರು ವರ್ಷ, ಆ ಆಸ್ತಿಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಹಿತಾಸಕ್ತಿ ಇರಬಾರದು ಅನ್ನುತ್ತದೆ 247ನೇ ಕಲಮು. ನಮ್ಮದು ಬೇರೆ ನಂಬರಿನ ಸೈಟು, ವಾದ ಮಾಡಬಹುದಿತ್ತು. ಆದರೆ ಪಕ್ಕದ ಸಾಲಿಗೆ ನಾನು ಬರೆಯುವ ದರ ನಮ್ಮ ಸೈಟಿಗೂ ತಾಗುತ್ತದೆ. "ಅದಕ್ಕೂ ಇದಕ್ಕೂ ಏನು ಸಂಬಂಧ?" ಅಂತ ಅವಳು ಕೇಳಿದಳು. ಕಾಗದಗಳನ್ನು ಅದೇ ಲಕೋಟೆಗೆ ಹಾಕಿ, ಕಾರಣ ಎರಡು ಸಾಲಿನಲ್ಲಿ ಬರೆದು, ಮರುದಿನ ಸ್ಪೀಡ್ ಪೋಸ್ಟಿನಲ್ಲಿ ವಾಪಸು ಕಳಿಸಿದೆ. ರಸೀದಿಯೂ ಅಟ್ಟದ ಮೇಲಿದೆ.