ಕಾಲು ಹೋದ ಮೇಲೂ ಕೆಲಸ ಉಳಿಸಿಕೊಂಡಿದ್ದು ಹೀಗೆ

ನಾನು ಸರ್ಕಾರಿ ಸಾರಿಗೆ ಸಂಸ್ಥೆಯೊಂದರಲ್ಲಿ ಡ್ರೈವರ್ ಆಗಿದ್ದೆ. ರಜೆಯಲ್ಲಿದ್ದಾಗ ಬೈಕ್ ಅಪಘಾತವಾಗಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ವೈದ್ಯಕೀಯ ಮಂಡಳಿ ಡ್ರೈವರ್ ಕೆಲಸಕ್ಕೆ ಅನ್‌ಫಿಟ್ ಅಂತ ಬರೆಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಚೇರಿಯಲ್ಲಿ ಸ್ವಯಂ ನಿವೃತ್ತಿಯ ಅರ್ಜಿಯನ್ನೂ ಟೈಪ್ ಮಾಡಿಸಿ ಇಟ್ಟಿದ್ದರು. ಸಹಿ ಎಲ್ಲಿ ಹಾಕಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಬೇರೆ. 'ಡ್ಯೂಟಿಯಲ್ಲಿ ಆದ ಪೆಟ್ಟಲ್ಲವಲ್ಲ, ಸಂಸ್ಥೆ ಏನೂ ಮಾಡೋಕಾಗಲ್ಲ. ಸಹಿ ಹಾಕಿದ್ರೆ ಬರೋ ದುಡ್ಡಾದ್ರೂ ಬೇಗ ಬರುತ್ತೆ' ಅಂದರು.

ಮನೆಯಲ್ಲಿ ಓದಿ ನೋಡುತ್ತೇನೆ ಅಂತ ಹೇಳಿ ಕಾಗದ ತೆಗೆದುಕೊಂಡು ಬಂದೆ. ಸಹಿ ಹಾಕಲಿಲ್ಲ. ಇಂಥ ಹೊತ್ತಲ್ಲಿ ನೌಕರ ಮೊದಲು ಮಾಡಬೇಕಾದ್ದು ಇದೇ. ಒಮ್ಮೆ ನಿವೃತ್ತಿ ಕೇಳಿ ಸಹಿ ಹಾಕಿದರೆ, ತಾನೇ ಇಷ್ಟಪಟ್ಟು ಹೋದ ಅಂತಾಗಿಬಿಡುತ್ತದೆ.

ನಮ್ಮ ಸಂಘದ ಹಿರಿಯರೊಬ್ಬರು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರತಿ ಕೊಟ್ಟು, 20ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್ ಓದಿಸಿದರು. ಸೇವೆಯಲ್ಲಿರುವಾಗ ಅಂಗವಿಕಲತೆ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಸೇವೆಯಲ್ಲಿರುವಾಗ ಬಂದಿದ್ದರೆ ಸಾಕು, ಕೆಲಸ ಮಾಡುತ್ತಲೇ ಪೆಟ್ಟಾಗಿರಬೇಕು ಅಂತ ಅಲ್ಲಿ ಎಲ್ಲೂ ಇಲ್ಲ. ಹಳೆಯ ಹುದ್ದೆಗೆ ಆಗದಿದ್ದರೆ ಅದೇ ವೇತನ ಶ್ರೇಣಿಯ, ಅದೇ ಸೇವಾ ಸೌಲಭ್ಯಗಳಿರುವ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆಯೇ ಇಲ್ಲದಿದ್ದರೆ ಸಂಖ್ಯಾತಿರಿಕ್ತ ಹುದ್ದೆಯಲ್ಲಿ, ಅಂದರೆ ಮಂಜೂರಾದ ಲೆಕ್ಕಕ್ಕಿಂತ ಹೆಚ್ಚಿಗೆ ಸೃಷ್ಟಿಸಿದ ಹುದ್ದೆಯಲ್ಲಿ ಇಟ್ಟುಕೊಳ್ಳಬಹುದು. ಸರಿಯಾದ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ. ಅಲ್ಲಿಗೆ 'ಜಾಗ ಖಾಲಿ ಇಲ್ಲ' ಅನ್ನುವ ಮಾತಿಗೆ ಅರ್ಥವೇ ಉಳಿಯಲಿಲ್ಲ. 1995ರ ಹಳೆಯ ಕಾಯ್ದೆಯ 47ನೇ ಸೆಕ್ಷನ್ನಿನಲ್ಲೂ ಇದೇ ರಕ್ಷಣೆ ಇತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಕುನಾಲ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಅದನ್ನು ಎತ್ತಿಹಿಡಿದಿತ್ತು.

ಅರ್ಜಿ ಒಂದೇ ಪುಟ. ಕಷ್ಟ, ಮಕ್ಕಳ ಓದು, ಸಾಲ ಯಾವುದನ್ನೂ ಬರೆಯಲಿಲ್ಲ. ಕರುಣೆ ತೋರಿಸಿ ಅಂತ ಕೇಳಿದರೆ ಇಲ್ಲ ಅನ್ನುವುದು ಸುಲಭ. ಸೆಕ್ಷನ್ ಹೆಸರಿಸಿ ಕೇಳಿದರೆ ಇಲ್ಲ ಅನ್ನೋಕೆ ಅವರು ಕಾರಣ ಬರೆಯಬೇಕಾಗುತ್ತದೆ. ನಾನು ಕೇಳಿದ್ದು ಮೂರು. ನನ್ನ ವೇತನ ಶ್ರೇಣಿಯಲ್ಲೇ ಕೂತು ಮಾಡುವ ಕೆಲಸ. ಅನ್‌ಫಿಟ್ ಆದ ದಿನದಿಂದ ಹೊಸ ಹುದ್ದೆ ಸಿಗುವ ದಿನದವರೆಗಿನ ಸಂಬಳ. ಸೇವಾ ಹಿರಿತನಕ್ಕೆ ಧಕ್ಕೆ ಆಗಬಾರದು. ಜೊತೆಗೆ ಅಂಗವಿಕಲತೆಯ ಪ್ರಮಾಣಪತ್ರ, ಮಂಡಳಿಯ ವರದಿಯ ನಕಲು. (ಅಂಗವಿಕಲತೆ ಕನಿಷ್ಠ ಶೇ 40ರಷ್ಟು ಇರಬೇಕು ಅನ್ನುವ ಲೆಕ್ಕ ನೇಮಕಾತಿ ಮೀಸಲಾತಿಗೆ. ಕೆಲಸ ಉಳಿಸುವ ಈ ಉಪಸೆಕ್ಷನ್ನಿನಲ್ಲಿ ಆ ಮಿತಿ ಇಲ್ಲ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಕೂರುತ್ತಾರೆ.) ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು, ತಾರೀಕು, ಆವಕ ಸಂಖ್ಯೆ ಹಾಕಿಸಿಕೊಂಡೆ.

ಮೊದಲು ಬಂದ ಉತ್ತರ ಅಟೆಂಡರ್ ಹುದ್ದೆ, ಸಂಬಳವೂ ಆ ಹುದ್ದೆಯದ್ದೇ. ಒಪ್ಪಲಿಲ್ಲ. 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ನೋಂದಾಯಿಸಿದ ಎರಡು ವಾರದಲ್ಲಿ ವಿಚಾರಣೆ ಮಾಡಬೇಕು. ಅಲ್ಲಿ ಕೊಟ್ಟ ದೂರು ಮುಂದೆ ಹೋಗಲಿಲ್ಲ. ಕೊನೆಗೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆದೆ. ವಕೀಲರನ್ನು ಹಿಡಿಯಲಿಲ್ಲ. ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ಕೋರ್ಟಿನಂಥ ಅಧಿಕಾರ ಇದೆ. ಅವರ ಶಿಫಾರಸಿನ ಮೇಲೆ ಏನು ಮಾಡಿದೆವು ಅಂತ ಸಂಸ್ಥೆ ಮೂರು ತಿಂಗಳೊಳಗೆ ತಿಳಿಸಬೇಕು. ವಿಚಾರಣೆಯಲ್ಲಿ ಅಧಿಕಾರಿಗಳು ಮತ್ತೆ 'ಡ್ಯೂಟಿಯಲ್ಲಿ ಆದದ್ದಲ್ಲ' ಅಂದರು. ನಾನು ಉಪಸೆಕ್ಷನ್ ಓದಿ ಹೇಳಿದೆ, ಅಷ್ಟೇ.

ಡಿಪೋದ ಟಿಕೆಟ್ ಮತ್ತು ನಗದು ಶಾಖೆಯಲ್ಲಿ ಹುದ್ದೆ ಸಿಕ್ಕಿತು. ಸಂಬಳ ಡ್ರೈವರ್ ಶ್ರೇಣಿಯದ್ದೇ. ಬಾಕಿ ಸಂಬಳವೂ ಬಂತು, ನಿಧಾನವಾಗಿ.

ಹುದ್ದೆ ಸಿಕ್ಕ ತಕ್ಷಣ ಎಲ್ಲ ಮುಗಿಯಲ್ಲ. ಡಿಪೋದಲ್ಲಿದ್ದದ್ದು ನೆಲಮಟ್ಟದ ಶೌಚಾಲಯ. ಕೃತಕ ಕಾಲಿನವನು ಅಲ್ಲಿ ಕೂರುವುದು ಹೇಗೆ? ಎಷ್ಟೋ ದಿನ ನೀರು ಕುಡಿಯದೆ ಕೆಲಸ ಮಾಡಿದ್ದೇನೆ. ಕೆಲಸದ ಜಾಗದಲ್ಲಿ ಬೇಕಾದ ಹೊಂದಾಣಿಕೆ ಮಾಡಿಕೊಡುವುದು 20ನೇ ಸೆಕ್ಷನ್ ಪ್ರಕಾರ ಸಂಸ್ಥೆಯ ಹೊಣೆ. ಅದನ್ನೂ ಲಿಖಿತವಾಗಿ ಕೇಳಿದೆ. ಕಮೋಡ್ ಬಂತು, ಪಕ್ಕದ ಗೋಡೆಗೆ ಕಬ್ಬಿಣದ ಹಿಡಿಕೆ ಬಂತು. ಮಂಡಿನೋವಿನ ಕಂಡಕ್ಟರುಗಳೂ ಈಗ ಅದನ್ನೇ ಬಳಸುತ್ತಾರೆ.

ಖಾಸಗಿ ಕಂಪನಿಯ ನೌಕರರು 'ನಮಗೂ ಇದು ಸಿಗುತ್ತಾ' ಅಂತ ನನ್ನನ್ನು ಕೇಳುತ್ತಾರೆ. ನನಗೆ ಕೆಲಸ ಉಳಿಸಿಕೊಟ್ಟ ಉಪಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಇದು ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಕಾಲು ಎಲ್ಲರಿಗೂ ಒಂದೇ ಅಲ್ವಾ? ಆದರೂ ಕೈಚೆಲ್ಲಬೇಡಿ. ಎಲ್ಲ ಸಂಸ್ಥೆಗಳಿಗೂ ಸಮಾನ ಅವಕಾಶ ನೀತಿ ಇರಲೇಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ, ಅಂಗವಿಕಲರಿಗೆ ಹೊಂದುವ ಹುದ್ದೆಗಳ ಪಟ್ಟಿ ಮತ್ತು ಕೊಡುವ ಸೌಲಭ್ಯಗಳು ಅದರಲ್ಲಿರಬೇಕು. ಆ ನೀತಿಯ ಪ್ರತಿಯನ್ನು ಮೊದಲು ಲಿಖಿತವಾಗಿ ಕೇಳಿ.

ಹೊಸ ಹುದ್ದೆಗೆ ಹೋದವರು ಸೇವಾ ಪುಸ್ತಕ ತೆರೆಸಿ ನೋಡಲೇಬೇಕು. ಹೊಸ ನೇಮಕಾತಿ ಅಂತ ನಮೂದಾಗಿದ್ದರೆ ಹಿಂದಿನ ಸೇವೆ ಲೆಕ್ಕಕ್ಕೆ ಸಿಗದೆ ಹೋಗಬಹುದು. ಅಂಗವಿಕಲತೆಯ ಕಾರಣಕ್ಕೇ ಬಡ್ತಿ ತಡೆಯುವಂತಿಲ್ಲ, ಆದರೆ ಹಿರಿತನದ ಪಟ್ಟಿಯಲ್ಲಿ ಹೆಸರು ಕೆಳಗಿಳಿದರೆ ಆ ರಕ್ಷಣೆ ಕೈಗೆ ಬರುವುದು ಕಷ್ಟ. ತಪ್ಪು ಕಂಡರೆ ಅವತ್ತೇ ತಿದ್ದುಪಡಿಗೆ ಅರ್ಜಿ ಕೊಡಿ, ಸೀಲು ಹಾಕಿಸಿಕೊಳ್ಳಿ.